ಮಾವನವರ ಮೆಷಿನ್ನಿಗೆ ಹೊಸ ರಬ್ಬರು

ಭೂಗೋಳದ ಮೇಷ್ಟ್ರ ಬಚ್ಚಲುಮನೆಯಲ್ಲಿದ್ದ ಬಟ್ಟೆ ಒಗೆಯುವ ಮೆಷಿನ್ನಿನ ದುಂಡನೆಯ ಬಾಗಿಲಿಗೆ ಒಂದು ರಬ್ಬರು ಅಂಚಿತ್ತು. ಅದು ಸವೆದು, ಹಲ್ಲಿಲ್ಲದ ಬಾಯಿಯಂತೆ ಜೋತುಬಿದ್ದು, ಒಗೆದಾಗಲೆಲ್ಲ ಜೊಲ್ಲು ಸುರಿಸುತ್ತಿತ್ತು. ಮೇಷ್ಟ್ರಿಗೆ ಇದರಿಂದ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ.

ಮೆಷಿನ್ನು ಮಾವನವರದು. ಪ್ರಾಯದಲ್ಲಿ ಕೊಂಡು, ಮುದ್ದಿನಿಂದ ಸಾಕಿ, ಮಗಳ ಮದುವೆಯಾದಾಗ ಅವಳ ಜೊತೆಗೇ ಕಳಿಸಿದ್ದರು. ಫೋನು ಮಾಡಿದರೆ ಮೊದಲು ಅದರ ಆರೋಗ್ಯ ವಿಚಾರಿಸುವರು, ಆಮೇಲೆ ಮಗಳದು. ಬಟ್ಟೆ ಹಿಂಡುವ ಹೊತ್ತಿಗೆ ಅದು ಕುಣಿಯುತ್ತ ಬಾಗಿಲ ತನಕ ನಡೆದುಬರುತ್ತಿತ್ತು. ತಡೆಯಲು ಮೇಷ್ಟ್ರು ಅದರ ಮೇಲೆ ಕೂರಬೇಕು. ಹಾಗೆ ಗಡಗಡ ನಡುಗುತ್ತಲೇ ಉತ್ತರಪತ್ರಿಕೆ ತಿದ್ದಿ ತಿದ್ದಿ ಅವರ ಅಕ್ಷರವೇ ಕೆಟ್ಟುಹೋಗಿತ್ತು.

ಆ ಭಾನುವಾರ ಹೆಂಡತಿ ಒಂದು ತೀರ್ಮಾನಕ್ಕೆ ಬಂದಳು.

"ನೋಡಿ, ಹೊಸ ರಬ್ಬರು ತರಿಸಿದೀನಿ. ಇವತ್ತು ಕೂತು ಹಾಕಿ. ಅದಾದ ಮೇಲೂ ಸೋರಿದ್ರೆ ಹೊಸ ಮೆಷಿನ್ನೇ ತರೋಣ. ಅಪ್ಪನಿಗೆ ನಾನು ಹೇಳ್ತೀನಿ."

"ಸೋರಿದ್ರೆ ತಾನೇ," ಎಂದರು ಮೇಷ್ಟ್ರು, ದನಿಯಲ್ಲಿ ಆದಷ್ಟು ಕಳವಳ ತುಂಬಿಕೊಂಡು.

"ಸಂಜೆ ಅಪ್ಪನ್ನ ಕರ್ಕೊಂಡು ಬರ್ತೀನಿ. ಅಷ್ಟರೊಳಗೆ ಮುಗಿಸಿ. ಬೇಕಂತಲೇ ಕೆಡಿಸೋದೆಲ್ಲ ಬೇಡ."

"ಛೆ, ನಾನೇನೇ ಅಂಥವನು?"

ಅವಳು ಮೆಟ್ಟಿಲಿಳಿದದ್ದೇ ತಡ, ಮೇಷ್ಟ್ರು ಕೆಡಿಸಲು ಕೂತರು. ಹಳೆಯ ರಬ್ಬರು ಕಿತ್ತು ಹೊಸದನ್ನು ತೊಡಿಸಿ, ಅದನ್ನು ಬಿಗಿಹಿಡಿಯಬೇಕಾದ ತಂತಿಯ ಬಳೆಯನ್ನು ನೆಪಕ್ಕೆ ಮಾತ್ರ ಸಿಕ್ಕಿಸಿದರು. ಅಷ್ಟರಲ್ಲಿ ಕೆಳಮನೆಯ ರಿಟೈರ್ಡ್ ಓವರ್‌ಸಿಯರ್ ಕರೆಯದೆಯೇ ಒಳಗೆ ಬಂದರು.

"ಮೇಷ್ಟ್ರೇ, ನಿಮ್ಮ ದಯದಿಂದ ನಮ್ಮ ಬಚ್ಚಲ ಸೂರಿನಲ್ಲಿ ಆಫ್ರಿಕಾ ಖಂಡ ಮೂಡಿದೆ. ಇನ್ನೊಂಚೂರು ಸೋರಿದ್ರೆ ಏಷ್ಯಾ. ಸರೀರಿ, ನಾನು ನೋಡ್ತೀನಿ."

"ನಿಮಗ್ಯಾಕೆ ಸಾರ್ ತೊಂದರೆ?"

"ತೊಂದರೆ ನನ್ನ ತಲೆ ಮೇಲೇ ಬೀಳ್ತಿರೋದು. ಏನ್ರೀ ಇದು, ಬಳೆ ಹೀಗಾ ತೊಡಿಸೋದು? ಸಡಿಲ ಪಂಚೆ ಉಟ್ಟಹಾಗಿದೆ."

ಓವರ್‌ಸಿಯರ್ ಬಳೆಯನ್ನು ಇಕ್ಕಳದಿಂದೆಳೆದು ಬಿಗಿಮಾಡಿದರು. ನೀರು ಬಿಟ್ಟು ತಿರುಗಿಸಿದರೆ ಒಂದು ಹನಿಯೂ ಇಲ್ಲ. ಮೇಷ್ಟ್ರ ಮುಖ ಕಪ್ಪಿಟ್ಟಿತು.

"ಯಾಕ್ರೀ, ಮುಖ ಹಾಗೆ ಮಾಡ್ಕೊಂಡ್ರಿ?"

"ಆನಂದ ಸಾರ್. ತಾವು ಕೆಳಗೆ ಹೋಗಿ ಸೂರು ನೋಡ್ತಾ ಇರಿ. ಎರಡೂ ಕಡೆ ಕಣ್ಣಿಟ್ಟಿರೋದು ಒಳ್ಳೇದು."

ಓವರ್‌ಸಿಯರ್ ಹೋದರು. ಮೇಷ್ಟ್ರು ಬಳೆಯನ್ನು ಮತ್ತೆ ಸಡಿಲಿಸಿದರು. ಆ ಹೊತ್ತಿಗೆ ಎದುರುಮನೆಯಾಕೆ ನೆಲಹಾಸಿನ ಸುರುಳಿಯೊಂದನ್ನು ಹೊತ್ತು ಬಂದು ನಿಂತಳು.

"ಹೇಗೂ ಪರೀಕ್ಷೆ ಮಾಡ್ತಿದೀರಂತೆ, ಇದನ್ನೂ ಹಾಕಿಬಿಡಿ ಅಣ್ಣ. ನಮ್ಮ ಮೆಷಿನ್ನು ಹಿಡಿಯಲ್ಲ."

ಅಷ್ಟು ಭಾರದ ನೆಲಹಾಸು. ಮೇಷ್ಟ್ರು ಕೈಯೆತ್ತಿ ಮುಗಿಯುವುದೊಂದು ಬಾಕಿ. ಅದನ್ನು ತುರುಕಿ, ಗುಂಡಿ ಒತ್ತಿ, ಹಿಂಡುವ ಹೊತ್ತು ಬಂದಾಗ ಈ ಸಲ ಮೇಲೆ ಕೂರಲಿಲ್ಲ.

ಮೆಷಿನ್ನು ಒಮ್ಮೆ ಗುಟುರು ಹಾಕಿ ಹೊರಟಿತು. ತಂತಿಯ ಬಳೆ ಟಣ್ಣೆಂದು ಹಾರಿತು. ನೀರು ಕವಲೊಡೆದು, ನಡುಮನೆ ದಾಟಿ, ಮೆಟ್ಟಿಲಿನಲ್ಲಿ ಜಲಪಾತವಾಗಿ ಇಳಿಯಿತು. ಮೇಷ್ಟ್ರು ವರ್ಷಗಟ್ಟಲೆ ಪಾಠದಲ್ಲಷ್ಟೇ ಹೇಳುತ್ತಿದ್ದ ನದಿಯೊಂದನ್ನು ಮೊದಲ ಬಾರಿಗೆ ಹುಟ್ಟಿದಲ್ಲಿಂದ ಕಂಡರು. ಕಣ್ತುಂಬ ನೋಡುವಷ್ಟರಲ್ಲಿ ಮೆಷಿನ್ನು ಅವರನ್ನು ಗೋಡೆಗೆ ಒತ್ತರಿಸಿ, ಪಾದದ ಮೇಲೇ ವಾಲತೊಡಗಿತು. ಜಾರಿ ಕುಸಿದ ಮೇಷ್ಟ್ರು ಎರಡೂ ಕೈಯಿಂದ ಅದನ್ನು ಬಲವಾಗಿ ತಬ್ಬಿಕೊಂಡರು.

"ಮೇಷ್ಟ್ರೇ, ಏಷ್ಯಾ ಬಂತು," ಎಂದು ಕೆಳಗಿನಿಂದ ದನಿ ಕೇಳಿಸಿತು.

ಮೆಷಿನ್ನು ಕೊನೆಯದಾಗಿ ಒಂದು ಸಲ ಬಿಕ್ಕಿ, ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು. ಹೆಂಡತಿ, ಮಾವ, ಅವರ ಹಿಂದೆ ತಲೆಯಿಂದ ನೀರು ತೊಟ್ಟಿಕ್ಕುತ್ತಿದ್ದ ಓವರ್‌ಸಿಯರ್ ಬಾಗಿಲಲ್ಲಿ ಬಂದು ನಿಂತಾಗ ಮೇಷ್ಟ್ರು ಇನ್ನೂ ಅದನ್ನು ಅಪ್ಪಿಕೊಂಡೇ ನೀರಿನಲ್ಲಿ ಕೂತಿದ್ದರು.

"ಆಯ್ತು ಬಿಡಿ," ಎಂದಳು ಹೆಂಡತಿ ಮೆತ್ತಗೆ. "ನಿಮ್ಮ ಕೈಲಾದ್ದು ಮಾಡಿದ್ರಿ. ಹೊಸದೇ ತರೋಣ."

ನಗು ಕಾಣದಿರಲೆಂದು ಮೇಷ್ಟ್ರು ಮುಖವನ್ನು ಮೆಷಿನ್ನಿಗೊತ್ತಿದರು. ಅವರ ಭುಜ ಅಲುಗಿತು.

ಮಾವ ಕನ್ನಡಕ ತೆಗೆದು ಒರೆಸಿಕೊಂಡರು.

"ಏಳಿ ಅಳಿಯಂದ್ರೇ. ಅತ್ರೆ ಬರುತ್ತಾ? ನನ್ನ ಬಿಟ್ಟು ಇದನ್ನ ಇಷ್ಟು ಹಚ್ಚಿಕೊಂಡೋರು ಇನ್ನೊಬ್ಬರಿದಾರೆ ಅಂತ ನನಗೆ ಗೊತ್ತೇ ಇರ್ಲಿಲ್ಲ."

"ಇರ್ಲಿ ಮಾವ. ಅದರ ಆಯಸ್ಸು ಅಷ್ಟೇ."

"ಅಂಗಡೀದೆಲ್ಲ ಯಾಕೆ? ಇದನ್ನ ಕೊಂಡ ದಿನಾನೇ ಇದರ ಜೋಡೀನೂ ಕೊಂಡಿದ್ದೆ. ಒಂದು ಸುತ್ತೂ ತಿರುಗಿಲ್ಲ, ಪೆಟ್ಟಿಗೆಯಲ್ಲಿ ಹಾಗೇ ಇದೆ. ಬೆಲೆ ಗೊತ್ತಿರೋರ ಕೈಗೇ ಕೊಡಬೇಕು ಅಂತ ಯಾರಿಗೂ ಬಾಯಿಬಿಟ್ಟಿರ್ಲಿಲ್ಲ. ಬೆಳಿಗ್ಗೆ ಕಳಿಸ್ತೀನಿ."

ಮೇಷ್ಟ್ರು ಹಣೆಯನ್ನು ಮೆಷಿನ್ನಿಗೆ ಚಚ್ಚಿಕೊಂಡರು. ಮಾವ ಅದನ್ನೂ ಕೃತಜ್ಞತೆಯೆಂದೇ ತಿಳಿದು ಅವರ ಬೆನ್ನು ತಟ್ಟಿದರು.

"ಇಷ್ಟು ವರ್ಷ ಸುಮ್ನೆ ಇಟ್ಟಿದ್ದಕ್ಕೆ ಬಾಗಿಲಿನ ರಬ್ಬರು ಮಾತ್ರ ಒಣಗಿ ಬಿರುಕು ಬಿಟ್ಟಿದೆ. ನೀವೇ ಹಾಕಬೇಕಾಗುತ್ತೆ. ಹೆದರ್ಕೋಬೇಡಿ, ಈ ಸಲ ನಾನೂ ಓವರ್‌ಸಿಯರ್ರೂ ಪಕ್ಕದಲ್ಲೇ ಕೂತಿರ್ತೀವಿ."