ಗರಗದ ಬಟ್ಟೆ, ಬೆಳ್ಳಿಯ ಕಣ, ನನ್ನ ಇಸ್ತ್ರಿ

ಧಾರವಾಡದ ಒಂದು ವಿಜ್ಞಾನ ಸಂಸ್ಥೆಯ ಅತಿಥಿಗೃಹವನ್ನು ಹನ್ನೆರಡು ವರ್ಷ ನೋಡಿಕೊಂಡೆ. ಕಾನ್ವೆಂಟಿನಲ್ಲಿ ಕಲಿತ ಅಚ್ಚುಕಟ್ಟುತನವನ್ನು ಒಂದು ದಿನವೂ ಬಿಟ್ಟವಳಲ್ಲ. ಆದರೂ ದೊಡ್ಡ ಅತಿಥಿ ಬಂದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತಿತ್ತು.

ಆಗ ನ್ಯಾನೊ ಎಂಬ ಮಾತು ನಮ್ಮ ಊರಿಗೆ ಹೊಸದು. ಪಕ್ಕದ ಗರಗ ಊರಿನ ಖಾದಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣಗಳನ್ನು ಹತ್ತಿಸಿ, ಗಾಯಕ್ಕೆ ಕಟ್ಟಿದರೆ ಕೀವಾಗದಂಥ ಬಟ್ಟೆ ಮಾಡಲು ನವನಗರದ ಹುಡುಗಿಯೊಬ್ಬಳು ನಮ್ಮ ಸಂಸ್ಥೆಯಲ್ಲಿ ಮೂರು ವರ್ಷದಿಂದ ಸಂಶೋಧನೆ ನಡೆಸಿದ್ದಳು. ಜರ್ಮನಿಯ ವಿಜ್ಞಾನಿ ಬಂದು ನೋಡಿ ಒಪ್ಪಂದಕ್ಕೆ ಸಹಿ ಹಾಕಿದರೆ ಕೆಲಸ ಮುಂದೆ ಸಾಗುತ್ತದೆ. ಇಲ್ಲವಾದರೆ ಅಲ್ಲಿಗೇ ಮುಗಿಯಿತು. ನನ್ನಿಂದ ಏನೂ ತಪ್ಪಾಗಬಾರದೆಂಬ ಚಿಂತೆಯಲ್ಲಿ ಆ ವಾರವೆಲ್ಲ ನನಗೆ ಅನ್ನ ಸೇರಲಿಲ್ಲ.

೧

ಪ್ರಯೋಗಾಲಯದೊಳಗೆ ಧೂಳಿನ ಒಂದು ಕಣವೂ ಹೋಗಬಾರದೆಂದು ನಮ್ಮ ಪ್ರೊಫೆಸರರ ಕಟ್ಟಪ್ಪಣೆ. ಹೊಸ ಯಂತ್ರ ಬಂದ ದಿನ ಬಾಗಿಲು ತೆಗೆದರೆ ಒಳಗೆ ಏನೂ ಕಾಣದು. ನಮ್ಮ ಜವಾನ, ಬೆಂಗೇರಿಯ ಕಾಕಾ, ಯಂತ್ರಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಧೂಪ ಹಾಕಿದ್ದರು.

"ಕಾಕಾ, ಒಳಗ ಧೂಳ ಬರಬಾರದು ಅಂತ ಹೇಳಿದ್ನಲ್ರಿ!" ಎಂದು ಪ್ರೊಫೆಸರರು ಕೂಗಿದರು.

ಹೊಗೆಯೊಳಗಿಂದ ಉತ್ತರ ಬಂತು: "ಧೂಳಿಗೆ ಜಾಗಾ ಎಲ್ಲೈತ್ರಿ ಸರ? ಪೂರಾ ಹೊಗಿನ ತುಂಬೇತಿ."

೨

ಹೂವಿನ ಪರಾಗವೂ ಧೂಳೇ ಎಂದು ಪ್ರೊಫೆಸರರು ಹೇಳಿದ್ದರಿಂದ ಜರ್ಮನಿಯ ಅತಿಥಿಗೆ ಹಾವೇರಿಯ ಏಲಕ್ಕಿ ಹಾರ ತರಿಸಿದೆ. ಸ್ವಾಗತ ಭಾಷಣ ಒಂದು ತಾಸು ಎಳೆಯಿತು. ಪಾಪ, ಅವರಿಗೆ ಹಸಿವೆ. ಒಂದೊಂದೇ ಏಲಕ್ಕಿ ಕಿತ್ತು ಬಾಯಿಗೆ ಹಾಕಿಕೊಳ್ಳತೊಡಗಿದರು. ತಡೆಯುವುದು ಸಭ್ಯತೆಯೋ ಸುಮ್ಮನಿರುವುದು ಸಭ್ಯತೆಯೋ ತಿಳಿಯದೆ ನಾನು ಬೆವೆತೆ. ವಂದನಾರ್ಪಣೆಯ ಹೊತ್ತಿಗೆ ಕೊರಳಲ್ಲಿ ಬರೀ ದಾರ ಉಳಿದಿತ್ತು. ಅದನ್ನೂ ತೆಗೆಯದೆ ಅವರು ಎದ್ದು ನಿಂತು ಕೈ ಮುಗಿದರು.

೩

ಮರುದಿನ ಬೆಳಿಗ್ಗೆ ಅತಿಥಿಯ ಕೋಣೆಯ ಮೇಜಿನ ಮೇಲೆ ಆರು ಬಟ್ಟೆಯ ಚೂರುಗಳು ಕಂಡವು. ಕಂದು ಬಣ್ಣ, ನೋಡಲು ಹೊಲಸು. ಪರದೇಶದವರ ಕರವಸ್ತ್ರ ನನ್ನ ಅತಿಥಿಗೃಹದಲ್ಲಿ ಹೀಗಿರುವುದೇ? ಕಾಕಾನ ಕೈಗೆ ಕೊಟ್ಟು ಬಿಸಿನೀರು, ಸೋಪಿನಲ್ಲಿ ಒಗೆಸಿದೆ. ಕಲೆ ಹೋಗಲಿಲ್ಲ. ಮತ್ತೆ ಮತ್ತೆ ಒಗೆಸಿದೆ. ನೀಲಿ ಹಾಕಿಸಿ, ಇಸ್ತ್ರಿ ಮಾಡಿ, ತ್ರಿಕೋನವಾಗಿ ಮಡಚಿ ಮಧ್ಯಾಹ್ನ ಊಟದ ತಟ್ಟೆಗಳ ಪಕ್ಕ ಇಟ್ಟೆ.

ಅತಿಥಿ ಗದ್ದಕ್ಕೆ ಹತ್ತಿದ ಎಣಗಾಯಿ ಮಸಾಲೆಯನ್ನು ಅದರಿಂದಲೇ ಒರೆಸಿಕೊಂಡರು. ಎದುರಿಗೆ ಕುಳಿತಿದ್ದ ನವನಗರದ ಹುಡುಗಿಯ ಕೈಯಲ್ಲಿದ್ದ ರೊಟ್ಟಿ ಕೆಳಗೆ ಬಿತ್ತು.

"ಮೇಡಂ," ಎಂದರು ಪ್ರೊಫೆಸರರು, "ಅದು ಕರವಸ್ತ್ರ ಅಲ್ರಿ. ಮೂರು ವರ್ಷದ ಸಂಶೋಧನಾ."

ಹುಡುಗಿ ಅಳುತ್ತಲೇ ಚೂರುಗಳನ್ನು ಒಯ್ದು ಕ್ರಿಮಿ ಬೆಳೆಸುವ ತಟ್ಟೆಗಳಲ್ಲಿ ಇಟ್ಟಳು. ಮರುದಿನ ಬೆಳಿಗ್ಗೆ ಎಲ್ಲರೂ ಬಗ್ಗಿ ನೋಡಿದೆವು. ಯಾವ ಚೂರಿನ ಸುತ್ತಲೂ ಕ್ರಿಮಿ ಬೆಳೆದಿರಲಿಲ್ಲ; ಅಷ್ಟು ಒಗೆದರೂ ಬೆಳ್ಳಿ ಬಿಟ್ಟುಹೋಗಿರಲಿಲ್ಲ. ಹುಡುಗಿ ಮತ್ತೆ ಅತ್ತಳು.

"ನಮ್ಮ ಒಗೆಯುವ ಯಂತ್ರವೂ ಇಷ್ಟು ಕಠಿಣವಲ್ಲ. ಎಷ್ಟು ಸಲ ಒಗೆದಿರಿ?" ಎಂದು ಅತಿಥಿ ಕೇಳಿದರು. ಪ್ರೊಫೆಸರರು ಅದನ್ನು ಕಾಕಾನಿಗೆ ಕನ್ನಡದಲ್ಲಿ ತಿಳಿಸಿದರು.

"ಎಣಿಸಿಲ್ರಿ," ಎಂದರು ಕಾಕಾ. "ಅಮ್ಮಾರು ಸಾಕು ಅನ್ನೂತನಕಾ ಒಗದೇನ್ರಿ."

ಅತಿಥಿ ನಗಲಿಲ್ಲ, ಬರೆದುಕೊಂಡರು. ಎರಡೂ ದೇಶಗಳ ಸಹಿ ಬಿದ್ದ ಆ ಒಪ್ಪಂದದ ಕೊನೆಯ ಪುಟದಲ್ಲಿ ಈಗಲೂ ಇದೆ: ಅಂತಿಮ ಪರೀಕ್ಷೆ, ಅತಿಥಿಗೃಹದ ಮೇಡಂ ಸಾಕು ಎನ್ನುವವರೆಗೆ ಒಗೆಯುವುದು.