ಆರ್ವಿಲ್ ಮುದುಕನ ಬೋರ್ಡು

ಎಲ್ಲದಕ್ಕೂ ಮೂಲ ಆರ್ವಿಲ್ ಮುದುಕನ ಅಂಗಳದಲ್ಲಿ ಬೆಳಗಾಗುವುದರೊಳಗೆ ಎದ್ದುನಿಂತಿದ್ದ ಒಂದು ಬೋರ್ಡು. ಅದು ಅಮೆರಿಕದ ಎಂಬತ್ತರ ಅಧ್ಯಕ್ಷೀಯ ಚುನಾವಣೆ. ಡೆಟ್ರಾಯಿಟ್ ಪಕ್ಕದ ಆ ಬೀದಿಯಲ್ಲಿ ಎಲ್ಲರೂ ಕಾರು ಕಾರ್ಖಾನೆಯವರು, ಎಲ್ಲರೂ ಯೂನಿಯನ್ನಿನವರು, ಅಪ್ಪ ಅಜ್ಜನ ಕಾಲದಿಂದ ಡೆಮಾಕ್ರಾಟರು. ಅಂಥ ಕಡೆ ಎದುರು ಪಾರ್ಟಿ ರಿಪಬ್ಲಿಕನ್ನರ ಬೋರ್ಡು ಅಂದರೆ ಮದುವೆಮನೆಯಲ್ಲಿ ಯಾರೋ ಗೊಳೋ ಅಂತ ಅತ್ತ ಹಾಗೆ.

ಚೆಸ್ಟರ್ ನೊವಿಟ್ಸ್ಕಿಗೆ ಮೈಯೆಲ್ಲ ಉರಿದುಹೋಯಿತು. ಪಾರ್ಟಿಯ ಪರವಾಗಿ ಬೀದಿಯವರಿಂದ ಓಟು ಹಾಕಿಸುವ ಕೆಲಸ ಅವನಿಗೆ ಅಪ್ಪನಿಂದ ಬಂದದ್ದು. ಹೆಂಡತಿ ತೀರಿಹೋಗಿದ್ದಳು, ಬೇಸಿಗೆಯಲ್ಲಿ ಕಾರ್ಖಾನೆಯೂ ಕೆಲಸ ಬಿಡಿಸಿ ಮನೆಗೆ ಕಳಿಸಿತ್ತು. 'ನನ್ನದು' ಅನ್ನಲು ಪಾಪ ಅವನಿಗೆ ಉಳಿದದ್ದು ಈ ಬೀದಿಯೊಂದೇ. ಅದೂ ಕೈತಪ್ಪಿದರೆ ಇನ್ನೇನಿದೆ?

ಮತದಾನದ ದಿನ ಬೆಳಿಗ್ಗೆ ತನ್ನ ಓಟು ಹಾಕಿ ಬಂದವನೇ, ಬೀದಿಯವರನ್ನು ಶಾಲೆಯ ಮತಗಟ್ಟೆಗೆ ಸಾಗಿಸಲು ಪಾರ್ಟಿಯ ಚೀಟಿ ಅಂಟಿಸಿದ ಹಳೇ ಕಾರು ತೆಗೆದ. ಆರ್ವಿಲ್ ಕೋಲೂರಿಕೊಂಡು ರಸ್ತೆಗೆ ಬಂದ.

"ಮಂಡಿ ಕೈಕೊಟ್ಟಿದೆ ಕಣಪ್ಪ, ನನ್ನನ್ನೂ ಕೂರಿಸ್ಕೋ."

"ನಿನ್ನ ಬೋರ್ಡಿನವರೇ ಕಾರು ಕಳಿಸ್ತಾರೆ, ಕಾಯ್ತಾ ಇರು!" ಚೆಸ್ಟರ್ ಬುರ್ರನೆ ಹೊರಟ.

ಪಕ್ಕದ ಮನೆ ಜೆನೆವೀವ್ ಮತಗಟ್ಟೆಯವರಿಗೆಂದು ಮಾಡಿದ ಗಸಗಸೆ ಕೇಕನ್ನು ತೊಡೆಮೇಲಿಟ್ಟುಕೊಂಡು ಕೂತಳು. ಎದುರುಮನೆ ಕಾರ್ಮೈನ್ ಹೆಂಡತಿ ಸಮೇತ ಹತ್ತಿದ. ಶಾಲೆ ಹತ್ತಿರವಾಗುವಾಗ ಜೆನೆವೀವ್ ಬಾಯಿ ಬಡಿದುಕೊಂಡಳು. "ಅಯ್ಯೋ, ಕನ್ನಡಕ ಮರೆತೆ!"

ವಾಪಸ್ ಬಂದರು. ಆರ್ವಿಲ್ ಮತ್ತೆ ಕೈ ಎತ್ತಿದ. ಚೆಸ್ಟರ್ ಮುಖ ತಿರುಗಿಸಿದ. ಆಮೇಲೆ ನಡುರಸ್ತೆಯಲ್ಲಿ ಕಾರು ಕೆಮ್ಮಿ ನಿಂತಿತು. ಆ ಹೊಡೆತಕ್ಕೆ ಕೇಕು ಕಾರ್ಮೈನನ ಕೋಟಿನ ಪಾಲಾಯಿತು.

"ತಳ್ಳಿ, ಪಾರ್ಟಿಗೋಸ್ಕರ ತಳ್ಳಿ!" ಎಂದು ಚೆಸ್ಟರ್ ಸ್ಟೀರಿಂಗ್ ಹಿಡಿದೇ ಹುರಿದುಂಬಿಸಿದ. ಹಿಂದಿದ್ದವರು ಮುಖ ಮುಖ ನೋಡಿಕೊಂಡು ತಳ್ಳಿದರು.

ಸಂಜೆವರೆಗೆ ಬೀದಿಯ ಒಬ್ಬರನ್ನೂ ಬಿಡದೆ ಸಾಗಿಸಿದ, ಆರ್ವಿಲ್ ಒಬ್ಬನನ್ನು ಬಿಟ್ಟು. ಆಮೇಲೆ ಶಾಲೆಯಲ್ಲಿ ಓಟಿನ ಲೆಕ್ಕ ಓದಿದರು. ಚೆಸ್ಟರನ ಪಾರ್ಟಿ ನೆಲಕಚ್ಚಿತ್ತು. ಮನೆಗೆ ಬಂದಾಗ ಜೆನೆವೀವ್ ಜಗಲಿಯಲ್ಲಿ ಕಾರ್ಮೈನನಿಗೆ ಕಾಫಿ ಬಗ್ಗಿಸುತ್ತಿದ್ದಳು.

"ಹಾಗೆ ನೋಡ್ಬೇಡ ಚೆಸ್ಟರ್. ನಾನೂ ಆ ಕಡೆಗೇ ಹಾಕಿದೆ."

"ನಾನೂ," ಅಂದ ಕಾರ್ಮೈನ್, ಕೋಟು ಒರೆಸಿಕೊಳ್ಳುತ್ತ.

"ಮತ್ತೆ ನನ್ನ ಕಾರು ಯಾಕ್ರೋ ಹತ್ತಿದ್ರಿ?"

"ಮನೆ ಬಾಗಿಲಿಗೆ ಬಂದು ಕರೆದ್ರೆ ಬರಲ್ಲ ಅನ್ನೋಕಾಗುತ್ತಾ? ನಿಂಗೆ ಬೇಜಾರಾಗಲ್ವಾ?" ಜೆನೆವೀವಳ ಕಣ್ಣು ತುಂಬಿತ್ತು. "ನಮ್ಮವರು ಬಾಯಿ ಕಟ್ಟಿ, ಹೊಟ್ಟೆ ಕಟ್ಟಿ ಅಂತಾರೆ. ಆ ಕಡೆ ನಿಂತಿರೋ ಮನುಷ್ಯ ಎಲ್ಲಾ ಮತ್ತೆ ಸರಿಹೋಗುತ್ತೆ ಅಂತಾನೆ. ಸುಳ್ಳೋ ನಿಜವೋ, ಕೇಳೋಕೆ ಹಿತವಾಗಿತ್ತು ಕಣೋ."

ಚೆಸ್ಟರನಿಗೆ ಅಳು ಬಂತು. ಅಳುವುದು ಬಿಟ್ಟು ಆರ್ವಿಲ್ ಅಂಗಳಕ್ಕೆ ನುಗ್ಗಿ ಅವನ ಮೇಲೆ ಹರಿಹಾಯ್ದ. ಮುದುಕ ಮೆಟ್ಟಿಲ ಮೇಲೆ ಟೈ ಕಟ್ಟಿ, ಶೂ ಹಾಕಿ ಕೂತೇ ಇದ್ದ.

"ನಿನ್ನೊಬ್ಬನ ಓಟನ್ನಾದ್ರೂ ಅವರಿಗೆ ತಪ್ಪಿಸಿದೆ, ನೋಡ್ಕೋ!"

"ಆ ಬೋರ್ಡು ನನ್ನ ಅಳಿಯ ನೆಟ್ಟಿದ್ದು ಕಣಪ್ಪ. ಕೀಳೋಣ ಅಂದ್ರೆ ಮಂಡಿ ಬಗ್ಗಲ್ಲ. ಸ್ಟ್ರೈಕಿನಲ್ಲಿ ನಿಮ್ಮಪ್ಪನ ಪಕ್ಕದಲ್ಲೇ ಲಾಠಿ ಏಟು ತಿಂದೋನು ನಾನು. ಓಟು ಹಾಕುವಾಗ ನನ್ನ ಕೈ ಬೇರೆ ಪಾರ್ಟಿ ಕಡೆ ಹೋಗುತ್ತಾ? ನೀನು ಬಂದೇ ಬರ್ತೀಯ ಅಂತ ಶೂ ಬಿಚ್ಚಿರಲಿಲ್ಲ."

ಚೆಸ್ಟರ್ ಕೆಳಗಿನ ಮೆಟ್ಟಿಲ ಮೇಲೆ ಕುಸಿದು ಕೂತು, ಮುದುಕನ ಊದಿದ ಕಾಲನ್ನು ತೊಡೆಮೇಲೆ ತೆಗೆದುಕೊಂಡ.

ಅತ್ತಲಿಂದ ಜೆನೆವೀವ್ ಕೂಗಿದಳು. "ಚೆಸ್ಟರ್, ಮುಂದಿನ ಸಲನೂ ನಮ್ಮನ್ನ ನೀನೇ ಕರ್ಕೊಂಡು ಹೋಗ್ತೀಯ ತಾನೇ?"

ಅವನು ಮುದುಕನ ಶೂ ಲೇಸು ಬಿಚ್ಚುತ್ತ, ಹೂಂ ಅಂದ.