ಪಾದಪೂಜೆಯ ನೀರು

ಜಡೆಪ್ಪನ ಮನೆಯ ಬೆಳಗಿನ ಚಹಾ ಉಪ್ಪಾಗಿತ್ತು. ಬೇರೆ ದಿನವಾಗಿದ್ದರೆ ಉಗುಳಿ ಸುಮ್ಮನಾಗುತ್ತಿದ್ದ. ಆದರೆ ಅಂದು ಮೆಟ್ರಿಯಿಂದ ಮರಿಸ್ವಾಮಿ ಅಯ್ಯನವರು ಪಾದಪೂಜೆಗೆ ಬರುವವರಿದ್ದರು. ಅವರ ಪಾದ ತೊಳೆದ ನೀರನ್ನು ಮನೆಮಂದಿಯೆಲ್ಲ ತೀರ್ಥವೆಂದು ಕುಡಿಯಬೇಕು. ಹೊಸಪೇಟೆಯ ಆ ಓಣಿಯಲ್ಲಿ ಎಲ್ಲರೂ ಕರೆದಿದ್ದರೂ ಅಯ್ಯನವರು ಒಪ್ಪಿದ್ದು ಜಡೆಪ್ಪನ ಮನೆಗೇ.

ಉಪ್ಪಿನ ಮೂಲ ಬಚ್ಚಲ ಹಿಂದಿನ ಹೊಸ ಸಾಫ್ಟ್‌ನರ್. ಬೋರಿನ ಗಡಸು ನೀರನ್ನು ಮೆದು ಮಾಡಬೇಕಾದ ಆ ಯಂತ್ರ, ಊಟಕ್ಕೆ ಮುನಿದು ಕೂತ ಬೀಗರಂತೆ ಮೂಲೆಯಲ್ಲಿ ಮೌನ ಹಿಡಿದಿತ್ತು.

ಪಕ್ಕದ ಮನೆಯ ಮುರುಗೇಶ್ ಕರೆಯದೆಯೇ ಸ್ಪ್ಯಾನರ್ ಹಿಡಿದು ಬಂದ. "ಸರೀರಿ ಜಡೆಪ್ಪಣ್ಣ. ನಾ ಯಶವಂತನಗರದಾಗ ಲಾರಿ ರಿಪೇರಿ ಮಾಡಿದಾಂವ."

"ಇದು ಲಾರಿ ಅಲ್ಲಲೇ!"

"ಪೈಪ್ ಇದಕ್ಕೂ ಅದಾವಿಲ್ಲ?"

ಒಂದು ಪೈಪು ಕಳಚಿದ. ನೀರು ಚಿಮ್ಮಿ ಜಡೆಪ್ಪನ ಮಡಿಪಂಚೆ ತೊಯ್ದು ತೊಪ್ಪೆಯಾಯಿತು. ಜಡೆಪ್ಪ ಪೈಪನ್ನು ಹೇಗೋ ಮತ್ತೆ ಸಿಕ್ಕಿಸಿ, ಯಂತ್ರ ಕೂಡಿಸಿದ ಮೆಕ್ಯಾನಿಕ್‌ಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ.

"ಅದು ಉಪ್ಪುನೀರಾಗ ತನ್ನ ತಾನ ತೊಳಕೊಳ್ಳೋವಾಗ ಯಾರರ ಸ್ವಿಚ್ ಆಫ್ ಮಾಡಿದ್ರೇನ್ರಿ? ಉಪ್ಪು ಒಳಗ ಉಳದೈತಿ."

"ನಾನ ಮಾಡೀನಿ," ಎಂದರು ತಾಯಿ ಸುವರ್ಣಮ್ಮ, ಒಲೆಯ ಮುಂದಿನಿಂದ. "ಲಿಂಗಪೂಜಿಗೆ ಕುಂತಾಗ ಗುಳುಗುಳು ಅಂತಿತ್ತು. ಶಿವನ ಮುಂದ ಅದಕ್ಯಾಕ ಅಷ್ಟು ಮಾತು?"

ಸ್ವಿಚ್ ಹಾಕಿದರು. ಯಂತ್ರ ಅರ್ಧಕ್ಕೆ ನಿಂತ ಮಾತನ್ನು ನಿಧಾನವಾಗಿ ಮುಗಿಸಿತು. ಆಮೇಲೆ ಬಂದ ನೀರು ಸಿಹಿ! ಜಡೆಪ್ಪ ಕೈಮುಗಿದು ಉಸಿರು ಬಿಟ್ಟ.

ಅಷ್ಟರಲ್ಲಿ ಅಯ್ಯನವರು ಬಂದರು. ಬಸ್ಸಿನ ಧೂಳು ತೊಳೆದುಕೊಳ್ಳಲು ನೇರ ಬಚ್ಚಲಿಗೆ ಹೋದರು. ಹೋದವರು ಹೊರಗೆ ಬರಲೇ ಇಲ್ಲ.

"ಅಯ್ಯನವರ, ಆತೇನ್ರಿ?"

"ಎಲ್ಲೀದಪ್ಪ! ಸೋಪು ಹೋಗವಲ್ದು. ಮೈ ಇನ್ನೂ ಜಾರ್ತೈತಿ."

ಜಡೆಪ್ಪ ಗಾಬರಿಯಿಂದ ಮತ್ತೆ ಫೋನ್ ಮಾಡಿದ. "ಮೆದು ನೀರು ಹಂಗ ಜಾರ್ತೈತ್ರಿ, ಸೋಪು ಯಾವಾಗೋ ಹೋಗಿರ್ತೈತಿ," ಎಂದಿತು ಫೋನು. ಅದನ್ನೇ ಬಾಗಿಲ ಸಂದಿಯಿಂದ ಒಳಗೆ ಹೇಳಿದ.

"ನನ್ನ ಮೈ ನನಗ ಗೊತ್ತಿಲ್ಲೇನು? ನೀರು ಬಿಡು!"

ಬಿಡಲು ನೀರೆಲ್ಲಿದೆ? ಟ್ಯಾಂಕ್ ಬರಿದಾಗಿತ್ತು. ಮುರುಗೇಶನೇ ಓಡಿಹೋಗಿ ತನ್ನ ಮನೆಯಿಂದ ಒಂದು ಕೊಡ ಬೋರಿನ ನೀರು ತಂದು ಒಳಗೆ ಸರಿಸಿದ.

"ಆಹಾ, ಈಗ ಬಿಟ್ತು ನೋಡು! ಶಿವಶಿವಾ!"

ಹೊರಗಿದ್ದವರಿಗೂ ತಮ್ಮ ಮೈಯ ಸೋಪೇ ಹೋದಷ್ಟು ಹಗುರವಾಯಿತು. ಅಯ್ಯನವರು ವಿಭೂತಿ ಧರಿಸಿ, ನಗುನಗುತ್ತ ಹೊರಬಂದರು.

"ಕಡೀಗೆ ಬಂದದ್ದು ಯಾರ ಮನಿ ನೀರು?"

"ನಮ್ಮದ್ರಿ," ಎಂದ ಮುರುಗೇಶ್.

"ಹಂಗಾದ್ರ ಪಾದಪೂಜಿ ನಿಮ್ಮ ಮನ್ಯಾಗ ಆಗ್ಲಿ. ಜಡೆಪ್ಪ, ತಪ್ಪು ತಿಳೀಬ್ಯಾಡ. ನಿಮ್ಮ ನೀರಾಗ ಆದ್ರ ಈ ಎರಡು ಪಾದ ತೊಳ್ಯಾಕ ಸಂಜೀಮಟ ಬೇಕು."

ಜಡೆಪ್ಪ ಪೂಜೆಯ ತಟ್ಟೆ ಎತ್ತಿಕೊಂಡು ಹಿಂದೆ ನಡೆದ. ಮುಂದೆ, ಎದೆಯುಬ್ಬಿಸಿ ದಾರಿ ತೋರಿಸುತ್ತಿದ್ದವನು ಮುರುಗೇಶ್.